ಮೆಟ್ಟು ಮಾರಿದವನ ಔದಾರ್ಯ, ಮೆಟ್ಟು ಹೊಲಿದವನ ಪಾಲು

ಕೊಪ್ಪಳ, ಗಂಗಾವತಿಯ ಪೇಟೆಯಲ್ಲಿ ಯಾರನ್ನಾದರೂ ನಿಲ್ಲಿಸಿ, ಬಾಟಾ ಯಾವ ದೇಶದ ಕಂಪನಿ ಎಂದು ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಮಂದಿ ನಮ್ಮದೇ ಎನ್ನುತ್ತಾರೆ. ಟಾಟಾ ಇದ್ದ ಹಾಗೆ ಬಾಟಾ. ಬೆಲೆಯ ಕೊನೆಯಲ್ಲಿ ಒಂಬತ್ತು ಬಂದರೆ ಸಾಕು, ಅದು ‘ಬಾಟಾ ರೇಟು’. ಆ ಒಂಬತ್ತಿನ ಲೆಕ್ಕ ಜೆಕ್ ನಾಡಿನ ಝ್ಲಿನ್ ಎಂಬ ಪುಟ್ಟ ಊರಿನಿಂದ ಬಂದದ್ದು ಎಂಬುದನ್ನು ಬಲ್ಲವರು ಕಡಿಮೆ. ತಲೆಮಾರುಗಳಿಂದ ಚಪ್ಪಲಿ ಹೊಲಿಯುತ್ತಿದ್ದ ಮನೆತನದ ತೊಮಾಸ್ ಬಾಟಾ 1894ರಲ್ಲಿ ಅಣ್ಣ ಮತ್ತು ಅಕ್ಕನ ಜೊತೆ ಸೇರಿ ಅಲ್ಲಿ ಕಸುಬನ್ನು ಕಂಪನಿಯಾಗಿಸಿದ. ಆತನ ಮಗ ಥಾಮಸ್ ಬಾಟಾ ಕೆನಡಾಕ್ಕೆ ಹೋಗಿ ನೆಲೆಸಿ, ಆ ಕಂಪನಿಯನ್ನು ಲೋಕದ ತುಂಬ ಹರಡಿ, 2008ರ ಸೆಪ್ಟೆಂಬರ್ 1ರಂದು ಟೊರಾಂಟೊದಲ್ಲಿ ತೀರಿಕೊಂಡರು. ಇಂಥವರನ್ನು ನೆನೆಯುವಾಗ ಉದ್ಯಮಿ, ದಾನಿ ಎಂಬ ಎರಡು ಪದಗಳನ್ನು ಒಟ್ಟಿಗೆ ಬಳಸುತ್ತೇವೆ. ಅವೆರಡೂ ಒಂದೇ ಮನುಷ್ಯನಲ್ಲಿ ಹೇಗೆ ಬಾಳುತ್ತವೆ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ.

1922ರ ಒಂದು ಘಟನೆಯನ್ನು ನೋಡೋಣ. ಮೊದಲ ಮಹಾಯುದ್ಧದ ನಂತರ ಜೆಕೊಸ್ಲೊವಾಕಿಯದಲ್ಲಿ ಹಣದ ಬೆಲೆ ಏರಿ, ಸರಕು ಕೊಳ್ಳುವವರಿಲ್ಲದೆ ಕಾರ್ಖಾನೆಗಳು ಮುಚ್ಚತೊಡಗಿದ್ದವು. ಬಾಟಾನ ಗೋದಾಮಿನಲ್ಲೂ ಶೂಗಳು ರಾಶಿ ಬಿದ್ದಿದ್ದವು. ಉಳಿದವರು ಸರಕಾರದ ಬಾಗಿಲು ಬಡಿಯುತ್ತಿದ್ದಾಗ ಆತ ಶೂಗಳ ಬೆಲೆಯನ್ನು ಅರ್ಧಕ್ಕೆ ಇಳಿಸಿದ. ಅದರ ಜೊತೆಗೆ ಕೆಲಸಗಾರರ ಕೂಲಿಯನ್ನೂ ನೂರಕ್ಕೆ ನಲವತ್ತರಷ್ಟು ಕಡಿತ ಮಾಡಿದ. ಅದಕ್ಕೆ ಬದಲಾಗಿ ಕಂಪನಿಯ ಅಂಗಡಿಗಳಲ್ಲಿ ದಿನಸಿ, ಬಟ್ಟೆಬರೆಯನ್ನು ಅರ್ಧ ಬೆಲೆಗೆ ಕೊಟ್ಟ. ಜನ ಅಂಗಡಿಗೆ ಮುಗಿಬಿದ್ದರು, ಕಾರ್ಖಾನೆ ಉಳಿಯಿತು. ಮರುವರ್ಷ ಊರಿನವರು ಆತನನ್ನು ನಗರಾಧ್ಯಕ್ಷನನ್ನಾಗಿ ಆರಿಸಿದರು. 1924ರಿಂದ ಲಾಭದಲ್ಲಿ ಕೆಲಸಗಾರರಿಗೂ ಪಾಲು ಬಂತು. ತೋಟವಿರುವ ಇಟ್ಟಿಗೆಯ ಮನೆಗಳು, ಶಾಲೆ, ಆಸ್ಪತ್ರೆ, ಸಿನಿಮಾ ಮಂದಿರ ಎಲ್ಲವೂ ಎದ್ದವು.

ಇದು ದಾನವೇ? ಬಾಟಾ ಇದನ್ನು ವ್ಯವಹಾರದ ಭಾಗವೆಂದೇ ಕಂಡ. ಆರೋಗ್ಯವಂತ, ಓದುಬರಹ ಬಲ್ಲ, ಸಾಲವಿಲ್ಲದ ಕೆಲಸಗಾರ ಹೆಚ್ಚು ಶೂ ಹೊಲಿಯುತ್ತಾನೆ ಎಂಬ ಲೆಕ್ಕ ಅದು. ಹಾಗೆಂದು ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಪರಲೋಕದ ಪುಣ್ಯಕ್ಕಾಗಿ ಕೊಟ್ಟ ಅನ್ನವೂ ಹೊಟ್ಟೆ ತುಂಬಿಸುತ್ತದೆ, ಲಾಭಕ್ಕಾಗಿ ಕಟ್ಟಿಸಿದ ಆಸ್ಪತ್ರೆಯೂ ಜ್ವರ ಇಳಿಸುತ್ತದೆ. ತೊಡಕಿರುವುದು ಬೇರೆ ಕಡೆ. ಮನೆಯೂ ಕಂಪನಿಯದು, ದಿನಸಿಯೂ ಕಂಪನಿಯದು, ಶಾಲೆಯೂ ಕಂಪನಿಯದು, ನಗರಾಧ್ಯಕ್ಷನೂ ಕಂಪನಿಯ ಒಡೆಯನೇ ಆದಾಗ ಕೆಲಸಗಾರ ‘ಇಲ್ಲ’ ಎನ್ನಬೇಕಾದರೆ ಎಲ್ಲಿ ನಿಂತು ಹೇಳಬೇಕು? ಝ್ಲಿನ್‌ನಲ್ಲಿ ಕಾರ್ಮಿಕ ಸಂಘಗಳಿಗೆ ಸಲೀಸಾದ ಜಾಗವಿರಲಿಲ್ಲ. ಕೆಲಸಗಾರರ ಖಾಸಗಿ ಬದುಕಿನ ಮೇಲೂ ಕಂಪನಿಯ ಕಣ್ಣಿತ್ತು. ಕೊಡುವ ಕೈ ಎಷ್ಟೇ ದೊಡ್ಡದಿರಲಿ, ಅದು ಭುಜದ ಮೇಲೆ ಸದಾ ಕೂತಿದ್ದರೆ ಭಾರವಾಗುತ್ತದೆ.

ಆದರೆ ಅದೇ ಕಂಪನಿಯ ಇನ್ನೊಂದು ಕೆಲಸ ಯಾವ ಲಾಭದ ಲೆಕ್ಕಕ್ಕೂ ಸುಲಭವಾಗಿ ಸಿಗುವುದಿಲ್ಲ. ತೊಮಾಸ್ 1932ರಲ್ಲಿ ವಿಮಾನ ಅಪಘಾತದಲ್ಲಿ ಸತ್ತ ಮೇಲೆ ಮಲಸಹೋದರ ಯಾನ್ ಬಾಟಾ ಯಜಮಾನನಾದ. 1938-39ರಲ್ಲಿ ಹಿಟ್ಲರನ ಸೇನೆ ಹತ್ತಿರವಾದಂತೆ ಕಂಪನಿ ತನ್ನ ಹಲವಾರು ಯಹೂದಿ ನೌಕರರನ್ನು ‘ವರ್ಗಾವಣೆ’ಯ ನೆಪದಲ್ಲಿ ದೂರದೇಶಗಳ ಶಾಖೆಗಳಿಗೆ ಕಳಿಸಿತು. ಹಾಗೆ ಸಿಂಗಾಪುರಕ್ಕೆ ಹೋದವರಲ್ಲಿ ಕಂಪನಿಯ ಆಸ್ಪತ್ರೆಯ ವೈದ್ಯನೊಬ್ಬನ ಕುಟುಂಬವೂ ಇತ್ತು. ಜಪಾನಿನ ದಾಳಿಯಲ್ಲಿ ವೈದ್ಯ ತೀರಿಹೋದ. ಹೆಂಡತಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಭಾರತಕ್ಕೆ ಬಂದು ಡಾರ್ಜಿಲಿಂಗಿನ ಬಾಟಾ ಅಂಗಡಿಯನ್ನು ನೋಡಿಕೊಂಡಳು. ಆ ಮಕ್ಕಳಲ್ಲಿ ಒಬ್ಬ ಮುಂದೆ ಟಾಮ್ ಸ್ಟಾಪರ್ಡ್ ಎಂಬ ಹೆಸರಿನ ದೊಡ್ಡ ನಾಟಕಕಾರನಾಗಿ 2025ರ ನವೆಂಬರಿನಲ್ಲಿ ನಿಧನರಾದರು. ಚಪ್ಪಲಿ ಅಂಗಡಿಗಳ ಜಾಲವೇ ಜೀವ ಉಳಿಸುವ ದೋಣಿಯಾದದ್ದು ಹೀಗೆ. ಆಸ್ಪತ್ರೆ ಕಟ್ಟಿಸಿದ್ದಕ್ಕಿಂತ ಇದೇ ದೊಡ್ಡದೆಂದು ನನಗೆ ಅನಿಸುತ್ತದೆ. ಇಲ್ಲಿ ಕೊಟ್ಟವರು ಪಡೆದವರಿಂದ ಶೂ ಹೊಲಿಸಿಕೊಳ್ಳಲು ಕಾದಿರಲಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಬಾಟಾ 1931ರಲ್ಲಿ ಕಲ್ಕತ್ತೆಯ ಬಳಿಯ ಕೊನ್ನಗರಕ್ಕೆ ಬಂತು, ಕೆಲವೇ ವರ್ಷಗಳಲ್ಲಿ ಹೂಗ್ಲಿ ದಂಡೆಯಲ್ಲಿ ಬಾಟಾನಗರ ಎದ್ದಿತು. ಬೆಂಗಳೂರಿನ ಪೀಣ್ಯದಲ್ಲೂ ಕಾರ್ಖಾನೆಯಾಯಿತು. ಆ ಶೂ, ಆ ಹವಾಯಿ ಚಪ್ಪಲಿ ಕುಷ್ಟಗಿ, ಯಲಬುರ್ಗಾದ ಸಂತೆ ಮುಟ್ಟಿದಾಗ ಅಲ್ಲಿ ಆಗಲೇ ಒಬ್ಬ ಚಪ್ಪಲಿ ಮಾಡುವವನಿದ್ದ. ಊರ ಸಮಗಾರ. ರಂಪಿಗೆ, ದಬ್ಬಳ, ನೆನೆಹಾಕಿದ ತೊಗಲು ಅವನ ಬಂಡವಾಳ. ಒಕ್ಕಲಿಗನ ಮೆಟ್ಟು, ಬಾರುಕೋಲು, ಕಪಿಲೆಯ ತೊಗಲಿನ ಚೀಲ ಎಲ್ಲ ಅವನ ಕೈಯವು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಆಯದ ಜೋಳ ಸಿಗುತ್ತಿತ್ತು. ಕಾರ್ಖಾನೆ ಅವನ ಆಯವನ್ನು ಕಿತ್ತುಕೊಂಡಿತು ಎಂದು ನಾವು ಮರುಗುತ್ತೇವೆ. ಮರುಗುವುದು ಸರಿಯೇ. ಆದರೆ ಆಯ ಕೊಡುತ್ತಿದ್ದ ಊರೇ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು. ಎಷ್ಟೋ ಊರುಗಳಲ್ಲಿ ಮೇಲ್ಜಾತಿಯವರ ಓಣಿಗೆ ಬಂದರೆ ದಲಿತರು ಕಾಲಿನ ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಊರಿಗೆಲ್ಲ ಮೆಟ್ಟು ಹೊಲಿದವನೂ ಇದಕ್ಕೆ ಹೊರತಾಗಿರಲಿಲ್ಲ. ಬಾಟಾ ಅಂಗಡಿಯವನು ಗಿರಾಕಿಯ ಜಾತಿ ಕೇಳಲಿಲ್ಲ, ಕಾಲಿನ ಅಳತೆ ಕೇಳಿದ. ಸಂತೆಯ ದುಡ್ಡಿಗೆ ಇಷ್ಟು ನ್ಯಾಯವಾದರೂ ಗೊತ್ತಿತ್ತು.

ಇಲ್ಲಿ ಹರಳಯ್ಯನವರು ನೆನಪಾಗುತ್ತಾರೆ. ಬಸವಣ್ಣನವರಿಗಾಗಿ ತಾನು ಮತ್ತು ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂಬ ಕಥೆ ನಮ್ಮ ಭಾಗದಲ್ಲಿ ಮಕ್ಕಳಿಗೂ ಗೊತ್ತು. ಆ ಸಮಗಾರನ ಮಗ ಬ್ರಾಹ್ಮಣ ಮಧುವರಸನ ಮಗಳನ್ನು ಮದುವೆಯಾದಾಗ ಕಲ್ಯಾಣದಲ್ಲಿ ರಕ್ತ ಹರಿಯಿತು. ಎಂಟು ಶತಮಾನ ಕಳೆದ ಮೇಲೆ ಝ್ಲಿನ್‌ನಲ್ಲಿ ಚಪ್ಪಲಿ ಹೊಲಿಯುವ ಮನೆತನದವನೊಬ್ಬ ಊರಿನ ಅಧ್ಯಕ್ಷನಾದ. ಇಬ್ಬರಿಗೂ ಒಂದೇ ಕಸುಬು. ಒಂದು ಸಮಾಜ ಆ ಕಸುಬನ್ನು ಮೆಟ್ಟಿಲು ಮಾಡಿಕೊಟ್ಟಿತು, ಇನ್ನೊಂದು ಅದನ್ನೇ ಬೇಡಿ ಮಾಡಿತು. ಪ್ರವಾದಿ ಮುಹಮ್ಮದರು ತಮ್ಮ ಹರಿದ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಪತ್ನಿ ಆಯಿಶಾ ಹೇಳಿದ್ದನ್ನು ನಾವು ಮಸೀದಿಯಲ್ಲಿ ಭಕ್ತಿಯಿಂದ ಕೇಳುತ್ತೇವೆ, ಹೊರಗೆ ಬಂದು ಮೋಚಿಯ ಮುಂದೆ ಚಪ್ಪಲಿಯನ್ನು ಕಾಲಿನಿಂದಲೇ ಸರಿಸುತ್ತೇವೆ.

ಬಾಟಾನ ಪ್ರಶ್ನೆ ಇವತ್ತು ಕೊಪ್ಪಳದ ಪ್ರಶ್ನೆಯೂ ಹೌದು. ಬೇವಿನಹಳ್ಳಿ, ಗಿಣಿಗೇರಾ ಸುತ್ತಲ ಕಾರ್ಖಾನೆಗಳು ಅನ್ನ ಕೊಟ್ಟಿವೆ, ಧೂಳನ್ನೂ ಕೊಟ್ಟಿವೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣದಿಂದ ಶಾಲೆಗೆ ಬೆಂಚು ಬರುತ್ತದೆ, ಬೆಂಚಿನ ಬೆನ್ನಿಗೆ ಕಂಪನಿಯ ಹೆಸರು. ಕಾನೂನು ಕಟ್ಟಿಹಾಕಿ ಕೊಡಿಸಿದ್ದನ್ನು ಔದಾರ್ಯ ಎನ್ನಬೇಕೇ? ಉಳಿದ ತೊಂಬತ್ತೆಂಟರಲ್ಲಿ ಧೂಳು ಕುಡಿದ ಹೊಲದ ಪಾಲು ಎಷ್ಟು? 2025ರ ಫೆಬ್ರುವರಿಯಲ್ಲಿ ಹೊಸ ಉಕ್ಕಿನ ಕಾರ್ಖಾನೆ ಬೇಡವೆಂದು ಊರಿಗೆ ಊರೇ ಬಂದ್ ಮಾಡಿ ಬೀದಿಗೆ ಇಳಿದಾಗ ಕೇಳಿದ್ದು ಬೆಂಚನ್ನಲ್ಲ, ಉಸಿರನ್ನು.

ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಜೋಳದ ರೊಟ್ಟಿ ಲಕ್ಷಗಟ್ಟಲೆ ಬರುತ್ತವೆ. ರೊಟ್ಟಿಯ ಮೇಲೆ ಯಾರ ಹೆಸರೂ ಇರುವುದಿಲ್ಲ. ತಟ್ಟಿದವಳೂ ಅದೇ ಸಾಲಿನಲ್ಲಿ ಕೂತು ಉಣ್ಣುತ್ತಾಳೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇದು. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ, ದಾಸೋಹದಲ್ಲಿ ನಿಲ್ಲಲು ಮೇಲೆಂಬುದಿಲ್ಲ. ಬಾಟಾ ಲಾಭದಲ್ಲಿ ಪಾಲು ಕೊಟ್ಟಾಗ ಈ ಎರಡನೆಯದರ ಹತ್ತಿರ ಬಂದಿದ್ದ. ತೀರ್ಮಾನವನ್ನೆಲ್ಲ ತನ್ನ ಕೈಯಲ್ಲೇ ಇಟ್ಟುಕೊಂಡಾಗ ದೂರ ಸರಿದ.

ಸಮಗಾರರಿಗಾಗಿ ನಮ್ಮ ರಾಜ್ಯ 1976ರಲ್ಲಿ ಲಿಡ್ಕರ್ ನಿಗಮ ಮಾಡಿತು. ರಸ್ತೆ ಬದಿಯಲ್ಲಿ ಕೂರಲು ಪೆಟ್ಟಿಗೆ ಅಂಗಡಿಗಳನ್ನೂ ಕೊಟ್ಟಿತು. ಅಂಥ ಅಂಗಡಿಯಲ್ಲಿ ಇವತ್ತು ಹೊಸ ಚಪ್ಪಲಿ ಹೊಲಿಸುವವರು ಅಪರೂಪ. ಬರುವುದೆಲ್ಲ ಕಿತ್ತ ಉಂಗುಷ್ಠ, ಬಾಯಿಬಿಟ್ಟ ಅಟ್ಟೆ. ಕಾರ್ಖಾನೆಯ ಶೂ ಎಲ್ಲಿ ಸೋಲುತ್ತದೋ ಅಲ್ಲಿಂದ ಅವನ ಕೆಲಸ ಶುರು. ಹತ್ತು ರೂಪಾಯಿ ಕೇಳಿದರೆ ಅವನೊಡನೆ ಚೌಕಾಸಿ ಮಾಡುತ್ತೇವೆ. ಬಾಟಾ ಅಂಗಡಿಯಲ್ಲಿ ಒಂಬತ್ತಕ್ಕೆ ಮುಗಿಯುವ ಬೆಲೆಗೆ ಮರುಮಾತಿಲ್ಲದೆ ದುಡ್ಡು ಎಣಿಸಿರುತ್ತೇವೆ.