ಊಟ ಬಿಟ್ಟಷ್ಟಕ್ಕೆ ಉಪವಾಸವೇ?

ಭಾನುವಾರಗಳನ್ನು ಬಿಟ್ಟರೆ ತಪಸ್ಸುಕಾಲ 40 ದಿನ. ಕಥೋಲಿಕರಲ್ಲಿ 18 ತುಂಬಿದವರಿಗೆ, 60ನೇ ವರ್ಷ ಹಿಡಿಯುವ ತನಕ, ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ, ಶುಭ ಶುಕ್ರವಾರ.

ಒಂದು ಬೂದಿ ಬುಧವಾರ ಹಸಿದು ಕೂತಿದ್ದ ನಾನು ರಸೀದಿ ಕೇಳಿದ ಅಜ್ಜಿ ಮೇಲೆ ರೇಗಿಬಿಟ್ಟೆ. ನಿಯಮವಿಲ್ಲದ ವಯಸ್ಸಲ್ಲೂ ಆಕೆ ಉಪವಾಸವಿದ್ದು ಬೆಟ್ಟ ಹತ್ತಿದ್ದರು. ಯುವಜನರ ಗುಂಪಿನ ಹುಡುಗನೊಬ್ಬ, ಅವನೂ ಹಸಿದವನೇ, ಆಕೆಗೆ ನೀರು ಕೊಟ್ಟು, ಕೈಹಿಡಿದು ಮೆಟ್ಟಿಲು ಇಳಿಸಿದ.

ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಒಟ್ಟಿಗೇ ಹೇಳುತ್ತಾರೆ. ನಾನು ಒಂದನ್ನೇ ಹಿಡ್ಕೊಂಡಿದ್ದೆ. ಈಗ ಉಪವಾಸದ ದಿನ ಕೌಂಟರಲ್ಲಿ ನೀರಿನ ಬಿಂದಿಗೆ ಇಟ್ಟಿರುತ್ತೇನೆ. ಬಂದವರು ಕುಡಿಯಿರಿ.