ಕೆಂಪು ಗೆರೆ, ನೀಲಿ ಅಲೆ

ಮೂವರು ಸೇರಿ ಒಂದು ಪುಸ್ತಕ ಬರೆಯುತ್ತಿದ್ದೆವು. ಪ್ರೌಢಶಾಲೆ ದಾಟಿದ ಮಕ್ಕಳಿಗೆ ರಸಾಯನಶಾಸ್ತ್ರ, ಕನ್ನಡದಲ್ಲಿ. ಒಬ್ಬರು ಧಾರವಾಡದಲ್ಲಿ, ಒಬ್ಬರು ಮೈಸೂರಿನಲ್ಲಿ, ನಾನು ಬೆಂಗಳೂರಿನಲ್ಲಿ. ಸೂತ್ರ, ಕೋಷ್ಟಕ, ಅಡಿಟಿಪ್ಪಣಿ ಎಲ್ಲ ಅಚ್ಚುಕಟ್ಟಾಗಿ ಕೂರಲಿ ಎಂದು ಲೇಟೆಕ್ ಹಿಡಿದೆವು. ಲೇಟೆಕ್‌ನಲ್ಲಿ ಪುಟವನ್ನು ನಾವು ಕಟ್ಟುವುದಿಲ್ಲ, ಹೇಗೆ ಕಟ್ಟಬೇಕೆಂದು ಅಪ್ಪಣೆ ಬರೆಯುತ್ತೇವೆ. ಇದು ಶೀರ್ಷಿಕೆ, ಇದು ಸಮೀಕರಣ, ಇಲ್ಲೊಂದು ಚಿತ್ರ ಎಂದು ಸಾದಾ ಅಕ್ಷರಗಳಲ್ಲಿ ಹೇಳಿಟ್ಟರೆ ಮಿಕ್ಕದ್ದನ್ನು ಯಂತ್ರ ನೋಡಿಕೊಳ್ಳುತ್ತದೆ.

ಮೂರನೆಯ ಕರಡಿನ ಹೊತ್ತಿಗೆ ಒಂದು ರಾತ್ರಿ ಧಾರವಾಡದಿಂದ ಲವಣಗಳ ಅಧ್ಯಾಯ ತಿದ್ದಿ ಬಂತು. ‘ಸಣ್ಣಪುಟ್ಟದ್ದು ಅಷ್ಟೇ’ ಎಂಬ ಒಕ್ಕಣೆ. ಬದಲಾವಣೆ ತೋರಿಸುವ ಕಿಟಕಿ ತೆರೆದರೆ ಅಧ್ಯಾಯಕ್ಕೆ ಅಧ್ಯಾಯವೇ ಕೆಂಪು, ಅದರ ಕೆಳಗೆ ಅಷ್ಟೇ ಉದ್ದದ ಹಸಿರು. ಆದದ್ದಿಷ್ಟು: ಅವರ ಕಂಪ್ಯೂಟರಿನ ಎಡಿಟರ್ ಸಾಲುಗಳನ್ನೆಲ್ಲ ತನ್ನ ಅಗಲಕ್ಕೆ ತಕ್ಕಂತೆ ಮತ್ತೆ ಮುರಿದು ಜೋಡಿಸಿತ್ತು. ಒಂದು ಪದವೂ ಬದಲಾಗದ ಕಡೆಯೂ ಸಾಲಿನ ಕೊನೆ ಬೇರೆಯಾಗಿತ್ತು. ಸಾಲಿಗೆ ಸಾಲು ಹೋಲಿಸುವ ಯಂತ್ರಕ್ಕೆ ಅಷ್ಟು ಸಾಕು. ನಾಲ್ಕು ಪುಟ ನೋಡುವಷ್ಟರಲ್ಲಿ ಕಣ್ಣು ಸೋತಿತು. ಎಲ್ಲಕ್ಕೂ ಒಪ್ಪಿಗೆ ಒತ್ತಿ ಮಲಗಿದೆ.

ಆ ಕೆಂಪು ಹಸಿರಿನ ಸಂತೆಯಲ್ಲಿ ನಿಜವಾದ ಬದಲಾವಣೆ ಒಂದಿತ್ತು. ಬೇರಿಯಂ ಸಲ್ಫೇಟ್ ನೀರಿನಲ್ಲಿ ‘ಕರಗುವುದಿಲ್ಲ’ ಎಂದಿದ್ದದ್ದು ‘ಕರಗುವುದು’ ಆಗಿಬಿಟ್ಟಿತ್ತು. ವಾಕ್ಯ ಮೊಟಕು ಮಾಡುವ ಭರದಲ್ಲಾದ ಕೈತಪ್ಪು. ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮುನ್ನ ರೋಗಿಗೆ ಕುಡಿಸುವ ಗಂಜಿಯಂಥ ಬಿಳಿ ದ್ರವದಲ್ಲಿ ಇರುವುದು ಇದೇ ಬೇರಿಯಂ ಸಲ್ಫೇಟ್. ನೀರಿನಲ್ಲಿ ಕರಗುವ ಬೇರಿಯಂ ಲವಣಗಳು ವಿಷ. ಇದು ಕರಗದೆ ಇರುವುದರಿಂದಲೇ ಮೈಗೆ ಹತ್ತದೆ ಹಾದುಹೋಗುತ್ತದೆ. ಮುಂದಿನ ಪ್ಯಾರಾದಲ್ಲಿ ಅದನ್ನೇ ವಿವರಿಸಿದ್ದೆವು. ಮೇಲೆ ಕರಗುವುದು, ಕೆಳಗೆ ಕರಗದ್ದರ ಪುಣ್ಯ! ತಪ್ಪು ಸಿಕ್ಕಿದ್ದು ಕಟ್ಟಕಡೆಯ ಕರಡಚ್ಚಿನಲ್ಲಿ, ಅದೂ ಮೈಸೂರಿನವರ ಮಗಳು ಊಟಕ್ಕೆ ಮುಂಚೆ ಸುಮ್ಮನೆ ಹಾಳೆ ತಿರುವುತ್ತಿದ್ದಾಗ.

ಒಪ್ಪಿಗೆ ಒತ್ತಿದವನು ನಾನು, ಹಾಗಾಗಿ ತಪ್ಪೂ ನನ್ನದೇ. ಆದರೂ ಅಂದಿನಿಂದ ಒಂದು ಪ್ರಶ್ನೆ ಬೆನ್ನು ಬಿಟ್ಟಿಲ್ಲ. ಬದಲಾವಣೆಯನ್ನು ಯಾವ ಸೇರಿನಲ್ಲಿ ಅಳೆಯಬೇಕು?

ಯಂತ್ರದ ಸೇರು ಎಲ್ಲಿಂದ ಬಂತೆಂಬುದು ಗೊತ್ತಿರುವ ಸಂಗತಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಗ್ಲಸ್ ಮ್ಯಾಕಿಲ್‌ರಾಯ್ 1970ರ ದಶಕದ ಮೊದಲ ಭಾಗದಲ್ಲಿ ‘ಡಿಫ್’ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಅದರ ಒಳಗುಟ್ಟನ್ನು 1976ರಲ್ಲಿ ಜೇಮ್ಸ್ ಹಂಟ್ ಜೊತೆಗೂಡಿ ವರದಿಯಾಗಿ ಪ್ರಕಟಿಸಿದರು. ಎರಡು ಕಡತಗಳಲ್ಲಿ ಅದೇ ಕ್ರಮದಲ್ಲಿ ಬರುವ ಸಮಾನ ಸಾಲುಗಳ ಅತಿ ಉದ್ದದ ಸರಣಿಯನ್ನು ಹುಡುಕು, ಅದರಲ್ಲಿ ಸೇರದೆ ಉಳಿದದ್ದೇ ಬದಲಾವಣೆ ಎನ್ನುವುದು ಅದರ ಲೆಕ್ಕ. ಪ್ರೋಗ್ರಾಂ ಬರೆಯುವವರಿಗೆ ಸಾಲು ಸಹಜವಾದ ಅಳತೆ, ಸಾಲಿಗೊಂದು ಆಜ್ಞೆ. ಗದ್ಯ ಬರೆಯುವವನಿಗೆ ಸಾಲೆಂದರೆ ಕಾಗದದ ಅಂಚು ಬಂದಲ್ಲಿ ಆದ ಅಪಘಾತ. ಬೆಲ್ ಲ್ಯಾಬ್ಸ್‌ನವರೇ ಆದ ಬ್ರಯಾನ್ ಕರ್ನಿಹನ್ 1974ರಲ್ಲೇ ಹೊಸಬರಿಗೆ ಬರೆದ ಕೈಪಿಡಿಯಲ್ಲಿ, ಪ್ರತಿ ವಾಕ್ಯವನ್ನೂ ಹೊಸ ಸಾಲಿನಲ್ಲಿ ಶುರುಮಾಡಿ ಎಂದಿದ್ದರು. ಲೇಟೆಕ್‌ಗೆ ಒಂದು ಎಂಟರ್ ಒತ್ತಿದರೂ ಒಂದೇ, ಒಂದು ಸ್ಪೇಸ್ ಬಿಟ್ಟರೂ ಒಂದೇ. ಖಾಲಿ ಸಾಲು ಬಂದರೆ ಮಾತ್ರ ಹೊಸ ಪ್ಯಾರಾ. ಹಾಗಾಗಿ ವಾಕ್ಯಕ್ಕೊಂದು ಸಾಲು ಬರೆದರೆ ಅಚ್ಚಾದ ಪುಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದು, ಬದಲಾವಣೆ ಮಾತ್ರ ವಾಕ್ಯದ ಲೆಕ್ಕದಲ್ಲಿ ಕಾಣುತ್ತದೆ. ಅರ್ಧ ಶತಮಾನದ ಹಳೆಯ ಬುದ್ಧಿಮಾತು. ನಮಗೆ ತಲೆಗೆ ಹೋಗಲು ಬೇರಿಯಂ ಬೇಕಾಯಿತು.

ಪದದ ಲೆಕ್ಕದಲ್ಲಿ ಹೋಲಿಸುವವೂ ಇವೆ. ಲೇಟೆಕ್ ಬಳಸುವವರಲ್ಲಿ ಹೆಸರಾದದ್ದು ‘ಲೇಟೆಕ್‌ಡಿಫ್’. ಬರೆದವರು ಫ್ರೆಡರಿಕ್ ಟಿಲ್‌ಮನ್, ಭೂಕಂಪಶಾಸ್ತ್ರಜ್ಞ. ನೆಲ ಎಲ್ಲಿ ಸರಿಯಿತೆಂದು ಹುಡುಕುವವರಿಗೆ ಮಾತು ಎಲ್ಲಿ ಸರಿಯಿತೆಂಬ ಕುತೂಹಲ ಬಂದದ್ದು ನನಗೆ ಇಷ್ಟವಾಯಿತು. ಹಳೆಯದು, ಹೊಸದು ಎರಡನ್ನೂ ಕೊಟ್ಟರೆ ಅದು ಮೂರನೆಯದೊಂದು ಕಡತ ಮಾಡಿಕೊಡುತ್ತದೆ. ಅಚ್ಚು ಮಾಡಿದಾಗ ತೆಗೆದ ಪದದ ಮೇಲೆ ಕೆಂಪು ಗೆರೆ, ಸೇರಿಸಿದ ಪದದ ಕೆಳಗೆ ನೀಲಿ ಅಲೆ. ಸಾಲು ಎಲ್ಲಿ ಮುರಿದಿದೆ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಅಂದು ರಾತ್ರಿ ಇದನ್ನು ಬಳಸಿದ್ದರೆ ‘ಇಲ್ಲ’ ತಪ್ಪಿಸಿಕೊಳ್ಳುತ್ತಿರಲಿಲ್ಲ. ಬಳಸಲು ನೋಡಿದ್ದೆ ಕೂಡ. ಒಂದು ಕೋಷ್ಟಕದ ಗೂಡು ಅಳಿಸಿದ್ದರಿಂದ ಅದು ಹೆಣೆದ ಕಡತ ಅಚ್ಚಾಗಲೇ ಇಲ್ಲ, ದೋಷದ ಸಂದೇಶ ಮಾತ್ರ ಬಂತು. ಅಪ್ಪಣೆಗಳ ನಡುವೆ ಕೆಂಪು ನೀಲಿಯ ಅಪ್ಪಣೆ ತುರುಕಿದಾಗ ಕೋಷ್ಟಕ, ಸಮೀಕರಣಗಳಲ್ಲಿ ಹೀಗೆ ಎಡವುವುದುಂಟು. ಗಣಿತದ ಭಾಗವನ್ನು ಎಷ್ಟು ಒರಟಾಗಿ, ಎಷ್ಟು ನಯವಾಗಿ ಗುರುತಿಸಬೇಕೆಂದು ಹೇಳುವ ಆಯ್ಕೆಗಳನ್ನು ಕೊಟ್ಟಿದ್ದಾರೆ. ಹನ್ನೊಂದು ಗಂಟೆ ರಾತ್ರಿಯಲ್ಲಿ ಅವನ್ನು ಓದುವ ತಾಳ್ಮೆ ಯಾರಿಗಿದೆ?

ಇವೆಲ್ಲ ಪತ್ತೇದಾರರ ಜಾತಿ. ಘಟನೆ ಮುಗಿದ ಮೇಲೆ ಬಂದು, ಎರಡು ಕಡತಗಳನ್ನು ಪಕ್ಕಪಕ್ಕ ಮಲಗಿಸಿ, ಏನಾಗಿರಬಹುದೆಂದು ಊಹಿಸುತ್ತವೆ. ಒಂದು ಪ್ಯಾರಾವನ್ನು ಎತ್ತಿ ಎರಡು ಪುಟ ಮುಂದಿಟ್ಟರೆ ಇಲ್ಲೊಂದು ಸಾವು, ಅಲ್ಲೊಂದು ಜನನ ಎಂದು ಬರೆದುಕೊಳ್ಳುತ್ತವೆ. ಸತ್ತದ್ದೂ ಹುಟ್ಟಿದ್ದೂ ಒಂದೇ ಎಂದು ಗೊತ್ತಾಗದು. ವರ್ಡ್ ಅಥವಾ ಜಾಲತಾಣದಲ್ಲೇ ಲೇಟೆಕ್ ಬರೆಯಲು ಬಿಡುವ ಓವರ್‌ಲೀಫ್‌ನಲ್ಲಿ ಇರುವುದು ಕಾವಲುಗಾರನ ಜಾತಿ. ನೀವು ಬರೆಯುವಾಗಲೇ ಪಕ್ಕದಲ್ಲಿ ನಿಂತು ಯಾರು, ಯಾವಾಗ, ಏನು ಎಂದು ದಾಖಲಿಸುತ್ತದೆ. ಊಹೆಯ ಕಾಟವಿಲ್ಲ, ಆದರೆ ನೀವು ಹಾಕಿದ ಒಂದೊಂದು ಅಲ್ಪವಿರಾಮಕ್ಕೂ ಅಲ್ಲಿ ಲೆಕ್ಕವಿರುತ್ತದೆ. ಇಟ್ಟ ಪದವನ್ನು ಮತ್ತೆ ಅಳಿಸದಿರುವುದು ತನ್ನ ಹಿರಿಮೆ ಎಂದುಕೊಂಡ ಕುಮಾರವ್ಯಾಸನಿಗೆ ಎರಡು ಜಾತಿಯದೂ ಬೇಕಿರಲಿಲ್ಲ. ನಮ್ಮಂಥವರು ಪದ ಇಡುವುದೇ ಅಳಿಸಲಿಕ್ಕೆ.

ಕನ್ನಡಕ್ಕೆ ಬಂದರೆ ಈ ಸೇರು ಇನ್ನಷ್ಟು ಸೊಟ್ಟ. ಇಂಗ್ಲಿಷಿನಲ್ಲಿ ನಿಷೇಧ ಬಹುಮಟ್ಟಿಗೆ ಬಿಡಿ ಪದ, ತೆಗೆದರೆ ಆ ಪದಕ್ಕೆ ಮಾತ್ರ ಗೆರೆ ಬೀಳುತ್ತದೆ. ನಮ್ಮ ‘ಇಲ್ಲ’ ಕ್ರಿಯಾಪದದ ಬಾಲದಲ್ಲಿ ಬೆಸೆದುಕೊಂಡಿರುತ್ತದೆ. ಪದದ ಲೆಕ್ಕದಲ್ಲಿ ಹೋಲಿಸಿದರೆ ಉದ್ದನೆಯ ಒಂದು ಪದ ಹೋಗಿ ಅಂಥದೇ ಇನ್ನೊಂದು ಬಂತೆಂದು ಕಾಣುತ್ತದೆ, ವಿಭಕ್ತಿ ತಿದ್ದಿದಾಗಲೂ ಕಾಣುವುದು ಹಾಗೆಯೇ. ಸರಿ, ಇನ್ನೂ ಚಿಕ್ಕ ಅಳತೆಗೆ ಇಳಿಯೋಣ ಎಂದರೆ ಕಂಪ್ಯೂಟರಿನ ಅಕ್ಷರವೇ ಬೇರೆ, ನಮ್ಮ ಅಕ್ಷರವೇ ಬೇರೆ. ನಮಗೆ ‘ಕ್ಷ’ ಒಂದಕ್ಷರ. ಯೂನಿಕೋಡ್‌ಗೆ ಅದು ಕ, ಹಲಂತ, ಷ ಎಂಬ ಮೂರು ಸಂಕೇತ. ‘ಕಿ’ಯನ್ನು ‘ಕೀ’ ಮಾಡಿದರೆ ಬದಲಾದದ್ದು ಸ್ವರಚಿಹ್ನೆ ಮಾತ್ರ. ಅದಕ್ಕಷ್ಟೇ ಬಣ್ಣ ಹಚ್ಚಲು ಹೋದ ಉಪಕರಣದಲ್ಲಿ ಆ ಚಿಹ್ನೆ ಅನಾಥವಾಗಿ, ಚುಕ್ಕೆಚುಕ್ಕೆಯ ಚಕ್ರವೊಂದಕ್ಕೆ ಜೋತುಬಿದ್ದು ನಿಲ್ಲುತ್ತದೆ. ಅರ್ಕಾವತ್ತಿನದಂತೂ ತಮಾಷೆ. ‘ಕರ್ಮ’ದ ರೇಫ ಕಡತದಲ್ಲಿ ‘ಮ’ದ ಹಿಂದೆ, ಕಣ್ಣಿಗೆ ‘ಮ’ದ ಮುಂದೆ. ಇನ್ನು ಓಕಾರದ ಚಿಹ್ನೆ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ತುಂಡುಗಳಾಗಿಯೂ ಇರಬಹುದು, ನೋಟ ಒಂದೇ. ಒತ್ತಕ್ಷರ ಆಗದಂತೆ ತಡೆಯುವ ಕಾಣದ ಸಂಕೇತ ಒಂದಿದೆ, ಪದದ ಕೊನೆಗೂ ಅದು ಎಷ್ಟೋ ಸಲ ನುಸುಳಿರುತ್ತದೆ. ಒಂದೇ ಪದಕ್ಕೆ ಕೆಂಪು ಗೆರೆ, ಪಕ್ಕದಲ್ಲಿ ಅದೇ ಪದಕ್ಕೆ ನೀಲಿ ಅಲೆ. ಕನ್ನಡಕ ಒರೆಸಿಕೊಂಡು ನೋಡಿದರೂ ವ್ಯತ್ಯಾಸ ಸಿಗದು. ಆ ನೀಲಿ ಅಲೆಯೋ, ಅಕ್ಷರದ ಕೆಳಗೆ ಏನೂ ಇಲ್ಲವೆಂದು ನಂಬಿ ಒತ್ತಕ್ಷರಗಳ ಹೊಟ್ಟೆಯ ಮೇಲೇ ಹರಿಯುತ್ತದೆ.

ಇವು ಅಸಾಧ್ಯದ ರಿಪೇರಿಗಳಲ್ಲ. ಹೋಲಿಸುವ ಮುನ್ನ ಸಂಕೇತಗಳನ್ನು ಒಂದೇ ರೂಪಕ್ಕೆ ತರುವುದು, ಅಕ್ಷರವನ್ನು ಒಡೆಯದೆ ಇಡಿಯಾಗಿ ಹಿಡಿಯುವುದು, ಗೆರೆಯ ಬದಲು ಹಿನ್ನೆಲೆಗೆ ಬಣ್ಣ ಕೊಡುವುದು, ಇಷ್ಟಾದರೆ ಕನ್ನಡದ ಕರಡು ಓದುವವನ ಅರ್ಧ ತಲೆನೋವು ಇಳಿಯುತ್ತದೆ. ಉಳಿದರ್ಧ ಬೇರೆ ಕಡೆಯದು.

ಅದು ಗೊತ್ತಾಗಿದ್ದು ಟೆಕ್ ಹುಟ್ಟಿಸಿದ ಡೊನಾಲ್ಡ್ ಕ್ನೂತ್ ಅವರಿಂದ. ತಮ್ಮ ಮಹಾಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು 1977ರಲ್ಲಿ ಕೈಗೆ ಬಂದಾಗ ಅದರ ಅಂದಗೇಡಿತನ ಸಹಿಸದೆ ತಾವೇ ಅಕ್ಷರಜೋಡಣೆಯ ವ್ಯವಸ್ಥೆ ಕಟ್ಟಲು ಕೂತವರು. ಅದೇ ಟೆಕ್, ಲೇಟೆಕ್ ನಿಂತಿರುವುದು ಅದರ ಹೆಗಲ ಮೇಲೆ. ಅದನ್ನು ತಿದ್ದಿದ ಪ್ರತಿ ಸಲವೂ ಅವರು ಒಂದು ದಿನಚರಿಯಲ್ಲಿ ಬರೆದಿಟ್ಟರು, ಹತ್ತು ವರ್ಷ. 1989ರಲ್ಲಿ ಅದನ್ನೇ ಪ್ರಬಂಧವಾಗಿ ಪ್ರಕಟಿಸಿದಾಗ 850ಕ್ಕೂ ಹೆಚ್ಚು ನಮೂದುಗಳಿದ್ದವು. ಪ್ರತಿಯೊಂದಕ್ಕೂ ಒಂದು ಅಕ್ಷರದ ಗುರುತು, ಒಟ್ಟು 15 ಬಗೆ. ಇದು ಶುದ್ಧ ಪೆದ್ದುತನ, ಇದು ಮರೆತದ್ದು, ಇದು ಬೆರಳು ಜಾರಿದ್ದು, ಇದು ನಾನು ಕನಸಿನಲ್ಲೂ ಎಣಿಸದ ಸನ್ನಿವೇಶ. ಏನು ಬದಲಾಯಿತು ಎಂಬುದರ ಜೊತೆಗೆ ಯಾವ ಬಗೆಯ ಬದಲಾವಣೆ ಎಂಬುದನ್ನೂ ಆ ಮನುಷ್ಯ ಬರೆದುಕೊಂಡಿದ್ದರು. ನಮ್ಮ ಗ್ರಂಥಸಂಪಾದಕರಿಗೆ ಇದು ಹೊಸತಲ್ಲ. ಓಲೆಗರಿಯ ಲಿಪಿಕಾರ ಬಿಟ್ಟುಹೋದ ಅಕ್ಷರಕ್ಕೆ ಹಂಸಪಾದ ಹಾಕಿ ಅಂಚಿನಲ್ಲಿ ಬರೆದಿದ್ದರೆ, ಪಾಠಾಂತರ ಗುರುತಿಸುವವರು ಮೊದಲು ಕೇಳಿಕೊಳ್ಳುತ್ತಿದ್ದ ಪ್ರಶ್ನೆ, ಇದು ಕಣ್ಣು ಜಾರಿದ್ದೋ ಬುದ್ಧಿವಂತಿಕೆ ತೋರಿಸಿದ್ದೋ ಎಂದು.

ಹಾಗೆಂದೇ ನಾವೂ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ‘ಚೇಂಜಸ್’ ಎಂಬ ಲೇಟೆಕ್ ಪ್ಯಾಕೇಜ್ ಇದೆ. ಸೇರಿಸಿದ್ದು, ತೆಗೆದದ್ದು, ಬದಲಿಸಿದ್ದು ಎಂದು ಬರೆಯುವವನೇ ಗುರುತು ಹಾಕಿ, ತನ್ನ ಹೆಸರು ಹೇಳಿ, ಪಕ್ಕದಲ್ಲೊಂದು ಟಿಪ್ಪಣಿಯನ್ನೂ ಬಿಡಬಹುದು. ಆ ಟಿಪ್ಪಣಿಯಲ್ಲಿ ನಮ್ಮದು ಮೂರೇ ಗುರುತು. ಕಾಗುಣಿತವಾದರೆ ‘ಕಾ’, ಶೈಲಿಯಾದರೆ ‘ಶೈ’, ಸಂಗತಿಯಾದರೆ ‘ಸಂ’. ‘ಸಂ’ ಇದ್ದದ್ದನ್ನು ಇನ್ನೊಬ್ಬರು ಓದದೆ ಒಪ್ಪುವಂತಿಲ್ಲ. ‘ಕಾ’ಗೆ ಯಾರ ಅಪ್ಪಣೆಯೂ ಬೇಡ. ಕೈಯಿಂದ ಗುರುತು ಹಾಕುವುದು ರೇಜಿಗೆಯ ಕೆಲಸ, ಧಾರವಾಡದವರು ಮೊದಮೊದಲು ಗೊಣಗಿದರು. ಆದರೆ ‘ಸಂ’ ಎಂದು ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ ಎಂದು ಆಮೇಲೆ ಅವರೇ ಹೇಳಿದರು.

ಈಗ ಎರಡನೆಯ ಮುದ್ರಣದ ತಯಾರಿ ನಡೆದಿದೆ. ಕಳೆದ ವಾರ ಅದೇ ಲವಣಗಳ ಅಧ್ಯಾಯ ಮತ್ತೆ ಬಂತು. ಈ ಸಲ ಸಂತೆಯಿಲ್ಲ, ಹನ್ನೆರಡೇ ಗುರುತು, ಎಲ್ಲವೂ ‘ಕಾ’. ಒಪ್ಪಿಗೆಯ ಮೇಲೆ ಬೆರಳಿಟ್ಟವನು ಯಾಕೋ ಏಳನೆಯದನ್ನು ನೋಡಿದೆ. ‘ಸೋಡಿಯಂ ಸಲ್ಫೇಟ್’ ಇದ್ದದ್ದು ‘ಸೋಡಿಯಂ ಸಲ್ಫೈಟ್’ ಆಗಿತ್ತು. ಒಂದು ಸ್ವರಚಿಹ್ನೆ ಆಚೀಚೆ, ಆಮ್ಲಜನಕದ ಒಂದು ಪರಮಾಣು ಮಾಯ, ವಸ್ತುವೇ ಬೇರೆ. ಗಂಟೆ ಹತ್ತೂವರೆಯಾಗಿತ್ತು. ಧಾರವಾಡಕ್ಕೆ ಫೋನ್ ಹಚ್ಚಿದೆ.

“ಕಾಗುಣಿತಾನೇ ಅಲ್ಲೇನ್ರಿ ಅದು?” ಅಂದರು.