ಕತ್ತಲೆಯ ಕಥೆಗಳೂ ಹರೆಯದ ಓದುಗರೂ

ಹದಿನಾರು ಹದಿನೇಳರ ಹುಡುಗ ಹುಡುಗಿಯರ ಕೈಯಲ್ಲಿ ಇಂದು ಓಡಾಡುತ್ತಿರುವ ಪ್ರಣಯ ಕಾದಂಬರಿಗಳನ್ನು ಬಿಚ್ಚಿ ನೋಡಿದ ಹಿರಿಯರು ಬೆಚ್ಚುವುದು ಸಹಜವೇ. ಪ್ರೇಮಕಥೆಯೆಂದರೆ ಬೆಳದಿಂಗಳು, ಮಲ್ಲಿಗೆ, ನಾಲ್ಕು ಕಾಗದ, ಕೊನೆಗೊಂದು ಮಂಗಳಕಾರ್ಯ ಎಂದು ನಂಬಿಕೊಂಡು ಬಂದವರಿಗೆ ಅಲ್ಲಿ ಕಾಣುವುದು ಬೇರೆಯೇ ಒಂದು ಲೋಕ. ಅಲ್ಲಿ ಪ್ರಿಯನು ಪ್ರಿಯೆಯನ್ನು ಹೆದರಿಸುತ್ತಾನೆ. ಆಕೆಗೆ ಆ ಹೆದರಿಕೆಯೇ ಹಿತವಾಗಿದೆ. ರೋಗ, ಬಲಾತ್ಕಾರ, ಹುಚ್ಚು, ಸಾವು ಇವು ಕಥೆಯ ಅಂಚಿನಲ್ಲಿಲ್ಲ, ನಟ್ಟನಡುವೆ ಕುಳಿತಿವೆ. “ಇಂಥವನ್ನು ಮಕ್ಕಳ ಕೈಗೆ ಕೊಡಬಹುದೆ?” ಎಂದು ತಂದೆತಾಯಿಗಳು ನನ್ನಂತೆ ಪಾಠ ಹೇಳಿ ಹೊಟ್ಟೆ ಹೊರೆಯುವವರನ್ನು ಕೇಳುತ್ತಾರೆ. ಕೊಡುವ ಮಾತೆಲ್ಲಿ ಬಂತು? ಅವರು ಆಗಲೇ ತೆಗೆದುಕೊಂಡಾಗಿದೆ. ಆದರೂ ಪ್ರಶ್ನೆಯನ್ನು ಹಾಗೆಂದು ತಳ್ಳಿಹಾಕುವಂತಿಲ್ಲ. ಕತ್ತಲೆಯ ಕಥೆ ಎಳೆಯ ಮನಸ್ಸನ್ನು ಕೆಡಿಸುತ್ತದೆಯೆ?

ಪ್ರಶ್ನೆ ಹೊಸದಲ್ಲ. ಜರ್ಮನಿಯ ಮಹಾಕವಿ ಗಯಟೆ 1774ರಲ್ಲಿ ‘ತರುಣ ವೆರ್ಟರನ ದುಃಖಗಳು’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಬೇರೊಬ್ಬನಿಗೆ ಗೊತ್ತಾದ ಹೆಣ್ಣನ್ನು ಪ್ರೀತಿಸಿ, ಕಡೆಗೆ ಪ್ರಾಣ ಕಳೆದುಕೊಳ್ಳುವ ಯುವಕನೊಬ್ಬನ ಕಥೆ ಅದು. ಯೂರೋಪಿನ ಹುಡುಗರು ಅದನ್ನು ಓದಿದ್ದಷ್ಟೇ ಅಲ್ಲ, ವೆರ್ಟರನ ನೀಲಿ ಕೋಟು, ಹಳದಿ ಒಳಅಂಗಿ ತೊಟ್ಟು ತಿರುಗಿದರು. ಓದಿದವರಲ್ಲಿ ಕೆಲವರು ಅವನ ದಾರಿಯನ್ನೇ ಹಿಡಿದರೆಂಬ ಸುದ್ದಿ ಹಬ್ಬಿತು. 1775ರಲ್ಲಿ ಲೈಪ್‌ಜಿಗ್ ನಗರ ಪುಸ್ತಕವನ್ನೂ ಆ ಉಡುಪನ್ನೂ ಒಟ್ಟಿಗೆ ನಿಷೇಧಿಸಿತು. ಅಂಗಿಯನ್ನು ನಿಷೇಧಿಸಿದರೆ ಅಳಲು ನಿಂತೀತೆ ಎಂದು ನಾವೀಗ ನಗಬಹುದು. ಆದರೆ ಭಯಕ್ಕೆ ಆಧಾರವೇ ಇರಲಿಲ್ಲವೆಂದು ಹೇಳುವಂತಿಲ್ಲ. ಎರಡು ಶತಮಾನಗಳ ಮೇಲೆ, 1974ರಲ್ಲಿ, ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ಪತ್ರಿಕೆಗಳ ಮುಖಪುಟದಲ್ಲಿ ಆತ್ಮಹತ್ಯೆಯ ಸುದ್ದಿ ದೊಡ್ಡದಾಗಿ ಬಂದ ಬೆನ್ನಿಗೆ ಅಂಥ ಸಾವುಗಳು ಹೆಚ್ಚುವುದನ್ನು ಲೆಕ್ಕ ಹಾಕಿ ತೋರಿಸಿದನು. ಅದಕ್ಕೆ ಅವನಿಟ್ಟ ಹೆಸರು ‘ವೆರ್ಟರ್ ಪರಿಣಾಮ’.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಪುಸ್ತಕವನ್ನು ಬರೆದಾಗ ಗಯಟೆಗೆ ಇಪ್ಪತ್ತನಾಲ್ಕು ವರ್ಷ. ತನ್ನದೇ ಒಂದು ನೋವನ್ನು ಅದರಲ್ಲಿ ಹೊಯ್ದು, ಬರೆದು ಮುಗಿಸಿದ ಮೇಲೆ ತಾನು ಹಗುರಾದೆನೆಂದೂ, ತನ್ನ ಗೆಳೆಯರು ಮಾತ್ರ ಕಾವ್ಯವನ್ನು ಬಾಳಾಗಿ ಮಾರ್ಪಡಿಸಲು ಹೊರಟು ಕಷ್ಟಕ್ಕೆ ಸಿಕ್ಕಿದರೆಂದೂ ಆತ ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ವೆರ್ಟರ್ ಸತ್ತ, ಗಯಟೆ ಎಂಬತ್ತೆರಡು ವರ್ಷ ತುಂಬು ಬಾಳು ಬಾಳಿದ. ಬರೆದವನಿಗೆ ದುಃಖವೂ ಸಿಕ್ಕಿತು, ದುಃಖದಿಂದ ಹೊರಬರುವ ಬಾಗಿಲೂ ಸಿಕ್ಕಿತು. ಓದಿದವರಿಗೆ ದುಃಖ ಮಾತ್ರ ಸಿಕ್ಕಿತು. ಬಾಗಿಲು ಪುಸ್ತಕದ ಹೊರಗೇ ಉಳಿಯಿತು.

ಆ ಬಾಗಿಲನ್ನು ಕಥೆಯೊಳಗೇ ಇಟ್ಟರೆ ಏನಾಗುತ್ತದೆ? 1791ರಲ್ಲಿ ವಿಯೆನ್ನಾದಲ್ಲಿ ಆಡಿದ ಮೊಜಾರ್ಟನ ‘ಮಾಯಾಕೊಳಲು’ ಎಂಬ ಗೀತನಾಟಕದಲ್ಲಿ ಪಾಪಗೇನೊ ಎಂಬ ಹಕ್ಕಿ ಹಿಡಿಯುವವನೊಬ್ಬನಿದ್ದಾನೆ. ಪ್ರಿಯೆ ಸಿಕ್ಕಲಿಲ್ಲವೆಂದು ಅವನೂ ಸಾಯಲು ಹೊರಡುತ್ತಾನೆ. ಆಗ ಮೂವರು ಬಾಲಕರು ಬಂದು, ನಿನ್ನ ಬಳಿ ಗಂಟೆಗಳಿವೆಯಲ್ಲ, ಅವನ್ನು ನುಡಿಸಿ ನೋಡು ಎಂದು ನೆನಪು ಮಾಡುತ್ತಾರೆ. ಅವನು ಉಳಿಯುತ್ತಾನೆ. 2010ರಲ್ಲಿ ಆಸ್ಟ್ರಿಯದ ಸಂಶೋಧಕರು ಅಲ್ಲಿಯ ಪತ್ರಿಕಾ ವರದಿಗಳನ್ನು ಪರಿಶೀಲಿಸಿ, ಸಾಯುವ ಯೋಚನೆ ಬಂದೂ ಅದನ್ನು ದಾಟಿ ಬಂದವರ ಕಥೆಗಳು ಪ್ರಕಟವಾದಾಗ ಆತ್ಮಹತ್ಯೆಗಳು ಇಳಿಮುಖವಾಗುವುದನ್ನು ಕಂಡರು. ಅದಕ್ಕೆ ‘ಪಾಪಗೇನೊ ಪರಿಣಾಮ’ ಎಂದು ಹೆಸರಿಟ್ಟರು. ವೆರ್ಟರನದೂ ಕತ್ತಲೆ, ಪಾಪಗೇನೊನದೂ ಕತ್ತಲೆ. ಆದ್ದರಿಂದ ದೋಷ ಕತ್ತಲೆಯಲ್ಲಿಲ್ಲ. ಅದನ್ನು ತೋರಿಸುವ ರೀತಿಯಲ್ಲಿ ಎಲ್ಲೋ ಇದೆ.

ಎಲ್ಲಿದೆ ಎಂಬುದನ್ನು ಹುಡುಕಲು ನನಗೆ ದಾರಿ ತೋರಿಸಿದ್ದು ಒಬ್ಬ ವಿದ್ಯಾರ್ಥಿನಿ. ಜನ್ನನ ‘ಯಶೋಧರ ಚರಿತೆ’ಯ ಪಾಠ ನಡೆದಿತ್ತು. 1209ರ ಕಾವ್ಯ. ಕಥೆಯನ್ನು ಬಲ್ಲವರೇ ಹೆಚ್ಚು: ರಾಣಿ ಅಮೃತಮತಿ ಮಾವುತನ ಹಾಡಿಗೆ ಮನಸೋತು ಅವನಲ್ಲಿಗೆ ಹೋಗುತ್ತಾಳೆ, ಒಂದು ರಾತ್ರಿ ತಡವಾಯಿತೆಂದು ಆ ಕುರೂಪಿ ಅವಳನ್ನು ಹಿಡಿದೆಳೆದು ಹೊಡೆಯುತ್ತಾನೆ, ಅವಳು ಅವನನ್ನೇ ಬೇಡಿಕೊಳ್ಳುತ್ತಾಳೆ. ಪಾಠ ಮುಗಿದ ಮೇಲೆ ಆ ಹುಡುಗಿ ಎದ್ದು, “ಸರ್, ಹೊಡೆಸಿಕೊಂಡೂ ಅವನೇ ಬೇಕು ಅಂತಾಳಲ್ಲ, ನಾವು ಓದೋ ಕಾದಂಬರಿಗಳಲ್ಲೂ ಹೀಗೇ ಇರತ್ತೆ. ಇದು ಪಠ್ಯ ಆದರೆ ಅದು ಯಾಕೆ ಕೆಟ್ಟದ್ದು?” ಎಂದು ಕೇಳಿದಳು. ತರಗತಿ ನಕ್ಕಿತು. ಅವಳು ನಗಲಿಲ್ಲ. ಎಂಟು ನೂರು ವರ್ಷದ ಮಾನ್ಯತೆ ಇದಕ್ಕಿದೆ, ಅದಕ್ಕಿಲ್ಲ ಎಂದರೆ ಅದು ಉತ್ತರವಾಗುವುದಿಲ್ಲ.

ಉತ್ತರ ಆ ಕಾವ್ಯದಲ್ಲೇ ಇದೆ. ಆ ರಾತ್ರಿಯ ಹೊಡೆತವನ್ನು ನಾವು ನೋಡುವುದು ಅಮೃತಮತಿಯ ಕಣ್ಣಿನಿಂದಲ್ಲ. ಅವಳ ಹಿಂದೆಯೇ ಯಶೋಧರ ಕತ್ತಿ ಹಿಡಿದು ಬಂದಿದ್ದಾನೆ, ಮರೆಯಲ್ಲಿ ನಿಂತಿದ್ದಾನೆ, ಕೈಯೆತ್ತಿ ತಡೆದುಕೊಂಡಿದ್ದಾನೆ. ಅವಳಿಗೆ ಅದು ಒಲವು. ನೋಡುವವನಿಗೆ ಅದು ಘೋರ. ಓದುಗನಿಗೆ ಎರಡೂ ಕಾಣುತ್ತವೆ. ಆ ಒಲವಿನ ಸೆಳೆತ ಸುಳ್ಳೆಂದು ಜನ್ನ ಹೇಳುವುದಿಲ್ಲ. ಅದು ನಿಜವೆಂದೇ ಹೇಳುತ್ತಾನೆ. ಆದರೆ ಹೊಡೆತವನ್ನು ಮುದ್ದೆಂದು ಹೆಸರಿಟ್ಟು ನಮಗೆ ಮಾರುವುದಿಲ್ಲ.

ನಮ್ಮ ಆಲಂಕಾರಿಕರು ಇದನ್ನು ಬಹು ಹಿಂದೆಯೇ ಆಲೋಚಿಸಿದ್ದಾರೆ. ಸೀತೆಯಲ್ಲಿ ರಾವಣನಿಗಿದ್ದ ಕಾಮವನ್ನು ಅವರು ಶೃಂಗಾರವೆನ್ನಲಿಲ್ಲ, ಶೃಂಗಾರಾಭಾಸವೆಂದರು. ಅಭಿನವಗುಪ್ತನ ವಿವರಣೆ ಇನ್ನೂ ಸೂಕ್ಷ್ಮವಾದದ್ದು. ಓದುತ್ತಿರುವ ಹೊತ್ತಿನಲ್ಲಿ ಅದು ಶೃಂಗಾರವೆಂದೇ ತೋರುತ್ತದೆ. ಆಭಾಸವೆಂದು ತಿಳಿಯುವುದು ಆಮೇಲೆ, ವಿಚಾರ ಮಾಡಿದಾಗ. ಚಿಪ್ಪಿನಲ್ಲಿ ಬೆಳ್ಳಿ ಕಂಡಂತೆ. ಕಂಡ ಕ್ಷಣದಲ್ಲಿ ಅದು ಬೆಳ್ಳಿಯೇ, ಬಗ್ಗಿ ಎತ್ತಿಕೊಂಡಾಗ ಚಿಪ್ಪು.

ಹರೆಯದ ಓದಿನ ಕಷ್ಟವೆಲ್ಲ ಈ ‘ಆಮೇಲೆ’ ಎಂಬ ಮಾತಿನಲ್ಲಿದೆ. 2005ರಲ್ಲಿ ಹೊರಬಂದು ಲೋಕವನ್ನೆಲ್ಲ ಸುತ್ತಿದ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಕಾದಂಬರಿಯನ್ನು ನೋಡಿ. ಹದಿನೇಳರ ಬೆಲ್ಲಾ ಪ್ರೀತಿಸುವುದು ರಕ್ತ ಹೀರುವ ಕುಲದ, ನೋಡಲು ಹದಿನೇಳರ, ನಿಜವಾಗಿ ನೂರು ದಾಟಿದ ಎಡ್ವರ್ಡನನ್ನು. ಅವನು ಅವಳಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು ಅವಳು ನಿದ್ರಿಸುವುದನ್ನು ನೋಡುತ್ತಿರುತ್ತಾನೆ. ತಿಳಿದಾಗ ಅವಳಿಗೆ ಅದು ಪ್ರೀತಿಯ ಗುರುತಾಗಿ ಕಾಣುತ್ತದೆ. ಮರುವರ್ಷದ ಎರಡನೆಯ ಭಾಗದಲ್ಲಿ ಅವನು ತೊರೆದು ಹೋದಾಗ ತಿಂಗಳುಗಳ ಹೆಸರನ್ನು ಮಾತ್ರ ಹೊತ್ತ ಖಾಲಿ ಪುಟಗಳು ಬರುತ್ತವೆ. ಅವನಿಲ್ಲದೆ ಅವಳಿಗೆ ಬರೆಯಲು ಏನೂ ಇಲ್ಲ. ಆ ಖಾಲಿ ಪುಟಗಳು ಹರೆಯದ ವಿರಹವನ್ನು ಬಲು ಚೆನ್ನಾಗಿ ಹಿಡಿದಿವೆ, ಅದನ್ನು ಒಪ್ಪಲೇಬೇಕು. ಮುಂದೆ ಅವಳು ಅಪಾಯಕ್ಕೆ ತಾನಾಗಿ ಒಡ್ಡಿಕೊಳ್ಳುತ್ತಾಳೆ, ಆಗ ಅವನ ದನಿ ಕೇಳಿಸುತ್ತದೆಂದು. ಕಥೆಯನ್ನು ಹೇಳುವವಳು ಹೆಚ್ಚು ಕಡಿಮೆ ಅವಳೊಬ್ಬಳೇ. ಮರೆಯಲ್ಲಿ ನಿಂತು ನೋಡುವ ಯಶೋಧರನಿಲ್ಲ. ಚಿಪ್ಪನ್ನು ಎತ್ತಿ ನೋಡುವ ‘ಆಮೇಲೆ’ಯನ್ನು ಪುಸ್ತಕ ಕೊಡುವುದಿಲ್ಲ, ಬೆಳ್ಳಿಯೆಂದೇ ಮುಗಿಸುತ್ತದೆ. ಕತ್ತಲೆ ಬೇರೆ, ಕತ್ತಲೆಯನ್ನು ದೀಪವೆಂದು ಕರೆಯುವುದು ಬೇರೆ. ನನ್ನ ಆಕ್ಷೇಪಣೆ ಎರಡನೆಯದಕ್ಕೆ ಮಾತ್ರ.

ಹಾಗಾದರೆ ಹಿರಿಯರು ಇಂಥ ಪುಸ್ತಕಗಳನ್ನು ಕಸಿದುಕೊಳ್ಳಬೇಕೆ? ಆ ಮಾತಿಗೆ ಮುಂಚೆ ಇನ್ನೊಂದು ಕೆಲಸವಿದೆ. ಈ ಕಥೆಗಳಲ್ಲಿ ಹಿರಿಯರು ಏನು ಮಾಡುತ್ತಿದ್ದಾರೆಂದು ಹುಡುಕಿ ನೋಡಬೇಕು. ಶೇಕ್ಸ್‌ಪಿಯರನ ಜೂಲಿಯೆಟ್‌ಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ತಂದೆ ಗದರಿದಾಗ ಅವಳು ಸಾಕಿದ ದಾದಿಯ ಕಡೆ ತಿರುಗುತ್ತಾಳೆ. ದಾದಿ, ಪ್ಯಾರಿಸನನ್ನೇ ಮದುವೆಯಾಗು ಎಂದುಬಿಡುತ್ತಾಳೆ. ಆ ಗಳಿಗೆಯಿಂದ ಜೂಲಿಯೆಟ್ ಮನೆಯಲ್ಲಿ ಯಾರೊಡನೆಯೂ ಮನಸ್ಸು ಬಿಚ್ಚುವುದಿಲ್ಲ. ಜೇ ಆಶರ್ ಅವರ 2007ರ ‘ಥರ್ಟೀನ್ ರೀಸನ್ಸ್ ವೈ’ ಕಾದಂಬರಿಯ ಹ್ಯಾನಾ ಕಟ್ಟಕಡೆಗೆ ಹೋಗುವುದು ಶಾಲೆಯ ಸಲಹೆಗಾರನ ಬಳಿಗೆ. ಅವನು ಕೇಳಿಸಿಕೊಳ್ಳುತ್ತಾನೆ, ಆದರೆ ಕೇಳಿಸುವುದಿಲ್ಲ. ಸತ್ತ ಮೇಲೆ ಅವಳ ಧ್ವನಿಮುದ್ರಿಕೆಗಳನ್ನು ಎಲ್ಲರೂ ಕೇಳುವಂತೆ ಹೆಣೆದಿರುವುದು ಆ ಪುಸ್ತಕದ ಅಪಾಯ. ಸಾವು ಒಂದು ಮಾತಿನಂತೆ ಕಾಣುತ್ತದೆ, ಸತ್ತವರು ಗೆದ್ದಂತೆ ಕಾಣುತ್ತದೆ. ಅದರ ದೃಶ್ಯರೂಪ 2017ರಲ್ಲಿ ಬಂದಾಗ ಎದ್ದ ಆಕ್ಷೇಪಣೆಗಳ ತರುವಾಯ, 2019ರಲ್ಲಿ, ಆ ಸಾವಿನ ದೃಶ್ಯವನ್ನು ತೆಗೆದುಹಾಕಿದರು. ಆದರೆ ಬದುಕಿದ್ದಾಗ ಕೇಳುವವರಿರಲಿಲ್ಲ ಎಂಬ ಆ ಪುಸ್ತಕದ ದೂರನ್ನು ತೆಗೆದುಹಾಕುವುದು ಸುಲಭವಲ್ಲ.

ನಮ್ಮಲ್ಲೂ ಈ ದೂರು ಇದೆ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಅವರು 1972ರಲ್ಲಿ ತೆಗೆದ ‘ನಾಗರಹಾವು’ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ಚಾಮಯ್ಯ ಮೇಷ್ಟ್ರು ಕೆಟ್ಟವರಲ್ಲ. ರಾಮಾಚಾರಿಯನ್ನು ಹೆತ್ತವರಿಗಿಂತ ಹೆಚ್ಚಾಗಿ ಪ್ರೀತಿಸುತ್ತಾರೆ. ಆ ಪ್ರೀತಿಯ ಹಕ್ಕಿನಿಂದಲೇ ಅವನಿಂದ ಅಲಮೇಲುವನ್ನು ಬಿಡಿಸುತ್ತಾರೆ. ಅವಳ ಬಾಳು ಹಾಳಾಗುತ್ತದೆ. ಮಾರ್ಗರೆಟ್‌ಳ ಸರದಿ ಬಂದಾಗ ದುರ್ಗದ ಬೆಟ್ಟದಲ್ಲಿ ಗುರುವೂ ಉಳಿಯುವುದಿಲ್ಲ, ಶಿಷ್ಯನೂ ಉಳಿಯುವುದಿಲ್ಲ. ಚಾಮಯ್ಯ ಮೇಷ್ಟ್ರಿಗೆ ಹೇಳುವುದು ಗೊತ್ತಿತ್ತು. ಅವರ ಮುಂದೆ ಕುಳಿತು ಹುಡುಗನೂ ಒಂದು ಮಾತು ಹೇಳಬಹುದೆಂಬುದು ಗೊತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪುಸ್ತಕವನ್ನು ಇಡಬಹುದು. ಲಾರಿ ಹಾಲ್ಸ್ ಆಂಡರ್ಸನ್ ಅವರ 1999ರ ‘ಸ್ಪೀಕ್’ ಪ್ರೇಮಕಥೆಯಲ್ಲ. ಬಲಾತ್ಕಾರಕ್ಕೆ ಸಿಕ್ಕಿ ಮಾತನ್ನೇ ಬಿಟ್ಟ ಮೆಲಿಂಡ ಎಂಬ ಹುಡುಗಿಯ ಕಥೆ. ಇದಕ್ಕಿಂತ ಕತ್ತಲೆಯಾದ ವಸ್ತು ಯಾವುದಿದೆ? ಅಲ್ಲಿಯ ಚಿತ್ರಕಲೆಯ ಮೇಷ್ಟ್ರು ಮಾಡುವುದು ಬಹಳ ಸಣ್ಣ ಕೆಲಸ. ವರ್ಷವೆಲ್ಲ ಒಂದು ಮರವನ್ನು ಬರೆಯುವ ಅಭ್ಯಾಸ ಅವಳ ಪಾಲಿಗೆ ಬರುತ್ತದೆ. ಅವಳು ಕೆಡಿಸುತ್ತಾಳೆ, ಅವನು ಕಾಯುತ್ತಾನೆ. ಕೊನೆಗೆ ಮರವೂ ಬರುತ್ತದೆ, ಮಾತೂ ಬರುತ್ತದೆ. ಇಂಥ ಪುಸ್ತಕವನ್ನು ವಸ್ತು ನೋಡಿ ಕಸಿದುಕೊಂಡರೆ, ಅದೇ ನೋವಿನಲ್ಲಿ ಬಾಯಿ ಮುಚ್ಚಿ ಕುಳಿತ ಯಾವಳೋ ಒಬ್ಬಳಿಂದ ಅವಳ ಗಂಟೆಗಳನ್ನು ಕಸಿದುಕೊಂಡಂತೆ.

ಆದ್ದರಿಂದ ನನಗೆ ತೋರುವುದು ಇಷ್ಟು. ಕತ್ತಲೆಯನ್ನು ಹರೆಯದವರಿಂದ ಮುಚ್ಚಿಡಲಾಗದು. ಅವರಲ್ಲಿ ಹಲವರು ಪುಸ್ತಕ ತೆರೆಯುವ ಮೊದಲೇ ಅದನ್ನು ಕಂಡಿರುತ್ತಾರೆ. ಪುಸ್ತಕವೇ ಒದಗಿಸದ ‘ಆಮೇಲೆ’ಯನ್ನು ಒದಗಿಸಬೇಕಾದವರು ಮನೆಯವರು, ಗೆಳೆಯರು, ನಾವು ಮೇಷ್ಟ್ರುಗಳು. ಆ ಹುಡುಗಿಗೆ ನಾನು ಕೊಟ್ಟ ಉತ್ತರವೂ ಒಂದು ಪ್ರಶ್ನೆಯೇ: “ನಿನ್ನ ಕಾದಂಬರಿಯಲ್ಲಿ ಅವನು ಹೊಡೆಯುವಾಗ ಮರೆಯಲ್ಲಿ ನಿಂತು ನೋಡುವವರು ಯಾರಿದ್ದಾರೆ?” ಒಂದು ವಾರ ಬಿಟ್ಟು ಅವಳು ಹೇಳಿದ ಮಾತು: “ಯಾರೂ ಇಲ್ಲ ಸರ್. ಓದೋವಾಗ ನಾನೇ ನಿಂತುಕೋಬೇಕು.”

ಎಲ್ಲರೂ ಹಾಗೆ ತಾವೇ ನಿಲ್ಲಬಲ್ಲರೆಂದು ನಂಬಿ ಕೈಕಟ್ಟಿ ಕೂರುವಂತಿಲ್ಲ. ಕಥೆಯ ದುಃಖ ಬಾಳಿನ ದುಃಖದೊಡನೆ ಸೇರಿ ಒಬ್ಬರಿಗೆ ಉಸಿರು ಕಟ್ಟಿದರೆ, ರಾತ್ರಿಯ ಯಾವ ಹೊತ್ತಿನಲ್ಲಾದರೂ ಮಾತಾಡಲು ಸರ್ಕಾರದ ಟೆಲಿ ಮಾನಸ್ ಎಂಬ ಸಹಾಯವಾಣಿ 2022ರಿಂದ ನಡೆಯುತ್ತಿದೆ. ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು. ಅದು ಇರುವುದು ಒಳ್ಳೆಯದೇ. ಆದರೆ ಹರೆಯದ ಮಗಳು ಪುಸ್ತಕ ಮಡಿಸಿಟ್ಟು ಅಡಿಗೆಮನೆಯ ಬಾಗಿಲಲ್ಲಿ ಸುಮ್ಮನೆ ಬಂದು ನಿಂತಾಗ, ಏನು ಓದಿದೆ ಎಂದು ಗದರುವ ಬದಲು ಏನಾಯಿತು ಕಥೆಯಲ್ಲಿ ಎಂದು ಕೇಳುವವರು ಮನೆಯಲ್ಲಿದ್ದರೆ, ಯಾವ ಪುಸ್ತಕಕ್ಕೂ ಅಷ್ಟಾಗಿ ಹೆದರಬೇಕಾದ್ದಿಲ್ಲ.